ಮೇಷ್ಟ್ರ ದನಿಗೆ ಮೂರು ಖಾಲಿ ಸಿ.ಡಿ.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ನನಗೇ ನಾಚಿಕೆ. ನಮ್ಮ ನಾಟಕದ ಮೇಷ್ಟ್ರು ಗಂಟಲಿನ ಆಪರೇಷನ್ನಿಗೆ ಮೈಸೂರಿಗೆ ಹೋಗುವ ಮುಂಚೆ ತಮಗೆ ಬರುತ್ತಿದ್ದ ಹಾಡುಗಳನ್ನೆಲ್ಲ ನನ್ನ ಟೇಪ್ ರೆಕಾರ್ಡರಿನ ಮುಂದೆ ಕೂತು ಎರಡು ಕ್ಯಾಸೆಟ್ಟುಗಳಿಗೆ ಹಾಡಿ ನನ್ನ ಕೈಗೆ ಕೊಟ್ಟಿದ್ದರು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಒಂದು ಪಿಸುಮಾತೂ ಉಳಿಯದ ಹಾಗೆ ಹೋಯಿತು. ಆ ಎರಡು ಕ್ಯಾಸೆಟ್ಟುಗಳ ಮೇಲೆ ನಾನು ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಭಾಷಣಗಳನ್ನು ತುಂಬಿಸಿಬಿಟ್ಟೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪಾಂಡವಪುರದ ಒಂದು ಕಾಲೇಜಿನಲ್ಲಿ ಗುಮಾಸ್ತ. ಮನೆ ಚಿನಕುರಳಿಯಲ್ಲಿ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರು ಇತ್ತು. ಅದರಲ್ಲಿ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ತಿಥಿ ಕಾರ್ಡು ಎಲ್ಲ ಟೈಪು ಮಾಡುತ್ತಿದ್ದೆ. ಸುತ್ತಮುತ್ತ ಕಂಪ್ಯೂಟರು ಇದ್ದ ಮನೆ ನಮ್ಮದೊಂದೇ ಆದ್ದರಿಂದ ಅದರ ಬಗ್ಗೆ ನನಗೆ ಎಲ್ಲ ಗೊತ್ತು ಎಂದು ಊರು ನಂಬಿತ್ತು. ಊರು ನಂಬಿದ್ದನ್ನು ನಾನೂ ನಂಬಿಕೊಂಡಿದ್ದೆ.

ನಮ್ಮ ಕಡೆಯವರಲ್ಲದವರಿಗೆ ನಾಟಕದ ಮೇಷ್ಟ್ರು ಅಂದರೆ ಯಾರೆಂದು ಸ್ವಲ್ಪ ಹೇಳಬೇಕು. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಎಲ್ಲಿಗೇ ಹೋಗಿ, ಊರಿನ ರೈತರು, ಟ್ರಾಕ್ಟರು ಓಡಿಸುವವರು, ಜಲ್ಲಿ ಒಡೆಯುವವರು ಸೇರಿಕೊಂಡು ವರ್ಷಕ್ಕೊಂದು ಪೌರಾಣಿಕ ನಾಟಕ ಕಟ್ಟುತ್ತಾರೆ. ಅದನ್ನು ಕಲಿಸುವುದಕ್ಕೆ ಮೇಷ್ಟ್ರು ಹಾರ್ಮೋನಿಯಂ ಹೊತ್ತುಕೊಂಡು ಬಂದು ಎರಡು ಮೂರು ತಿಂಗಳು ಊರಿನಲ್ಲೇ ಉಳಿಯುತ್ತಾರೆ. ಮಾತು ಪುಸ್ತಕದಲ್ಲಿರುತ್ತದೆ. ಹಾಡಿನ ಮಟ್ಟು ಮಾತ್ರ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅದು ಇರುವುದು ಮೇಷ್ಟ್ರ ಗಂಟಲಿನಲ್ಲಿ. ನಮ್ಮ ಮೇಷ್ಟ್ರು ತಮ್ಮ ಗುರುಗಳಿಂದ ಕಲಿತ ಮಟ್ಟುಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವರ ಕೈಕೆಳಗೆ ನಾನೂ ಎರಡು ಸಲ ಪಾರ್ಟು ಮಾಡಿದವನು, ಚೆನ್ನಾಗಿ ಬೈಸಿಕೊಂಡವನು. ಅವರ ಬಾಯಿ ಅಂಥದ್ದು. ಕಿರೀಟ ಹೊತ್ತವನನ್ನೂ ಬಿಡುತ್ತಿರಲಿಲ್ಲ.

ಕ್ಯಾಸೆಟ್ಟಿನ ವಿಷಯಕ್ಕೆ ಬರುತ್ತೇನೆ. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೇನೂ ತುಂಬಿಸಲಾಗದು. ಮೇಷ್ಟ್ರು ಅದನ್ನು ಚಾಕುವಿನ ತುದಿಯಿಂದ ತಾವೇ ಮುರಿದಿದ್ದರು. ಆದರೆ ಆ ತೂತಿನ ಮೇಲೆ ಗಮ್ ಟೇಪು ಅಂಟಿಸಿದರೆ ಮತ್ತೆ ತುಂಬಿಸಬಹುದೆಂದು ನಮ್ಮಲ್ಲಿ ಯಾರಿಗೆ ಗೊತ್ತಿರಲಿಲ್ಲ? ಇದ್ದ ಕ್ಯಾಸೆಟ್ಟಿನ ಮೇಲೆಯೇ ಮತ್ತೆ ಮತ್ತೆ ತುಂಬಿಸುವುದು ನಮ್ಮ ಮನೆಯ ಪದ್ಧತಿ. ಹಾಡುಗಳನ್ನು ವಯರು ಸಿಕ್ಕಿಸಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆನಲ್ಲ, ಇನ್ನು ಕ್ಯಾಸೆಟ್ಟು ಯಾಕೆ ಎಂಬ ಧಿಮಾಕು ಬೇರೆ. ವಾರ್ಷಿಕೋತ್ಸವದ ದಿನ ಬೆಳಗ್ಗೆ ಪ್ರಿನ್ಸಿಪಾಲರು ಭಾಷಣ ರೆಕಾರ್ಡಾಗಬೇಕು ಅಂದರು. ನಾನು ಮೇಷ್ಟ್ರ ಕ್ಯಾಸೆಟ್ಟುಗಳಿಗೆ ಗಮ್ ಟೇಪು ಅಂಟಿಸಿಕೊಂಡು ಹೋದೆ. ಕಾಲದ ಮಹತ್ವದ ಬಗ್ಗೆ ಅವರು ಮುಕ್ಕಾಲು ಗಂಟೆ ಮಾತಾಡಿದರು. ಥೂ ನನ್ನ ಜನ್ಮಕ್ಕೆ!

ಅದಾಗಿ ಮೂರು ವಾರಕ್ಕೆ ಕಂಪ್ಯೂಟರಿನ ಹೊಟ್ಟೆಯೊಳಗೆ ಟಕ್, ಟಕ್ ಎಂದು ಸದ್ದು ಶುರುವಾಯಿತು. ಕಂಪ್ಯೂಟರು ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಒಮ್ಮೊಮ್ಮೆ ಮೂರು ಸಲ ಗುಂಡಿ ಒತ್ತಿದ ಮೇಲೆ ಏಳುತ್ತಿತ್ತು. ಹಾರ್ಡ್ ಡಿಸ್ಕು ಹೋಗುವ ಮುಂಚಿನ ಸದ್ದು ಅದು ಎಂದು ಕೇಳಿ ಬಲ್ಲೆ. ಮೇಷ್ಟ್ರ ದನಿ ಈಗ ಪ್ರಪಂಚದಲ್ಲಿ ಇರುವುದು ಆ ಟಕ್ ಟಕ್ ಅನ್ನುವ ಡಬ್ಬಿಯೊಳಗೆ ಮಾತ್ರ. ಮತ್ತೆ ಕ್ಯಾಸೆಟ್ಟಿಗೇ ತುಂಬಿಸೋಣವೆಂದರೆ ನಮ್ಮ ಟೇಪ್ ರೆಕಾರ್ಡರಿಗೆ ಹೊರಗಿನ ವಯರು ಸಿಕ್ಕಿಸಿ ತುಂಬಿಸುವ ಸವಲತ್ತಿರಲಿಲ್ಲ. ಸ್ಪೀಕರಿನ ಮುಂದೆ ಇಟ್ಟು ನೋಡಿದೆ. ಬಸ್ಸಿನ ಹಾರನ್ನು, ಕಾಗೆ, ಪಕ್ಕದ ಮನೆಯ ರುಬ್ಬುವ ಕಲ್ಲು ಎಲ್ಲ ಸೇರಿ ಮೇಷ್ಟ್ರು ಬಾವಿಯೊಳಗಿಂದ ಹಾಡಿದ ಹಾಗಿತ್ತು. ಅದನ್ನು ಕೇಳಿದರೆ ಇದು ತಾವು ಹಾಡಿಕೊಟ್ಟ ಕ್ಯಾಸೆಟ್ಟಲ್ಲವೆಂದು ಮೇಷ್ಟ್ರು ಒಂದು ಸಾಲಿಗೇ ಕಂಡುಹಿಡಿದುಬಿಡುತ್ತಿದ್ದರು.

ಆಗ ನೆನಪಾದವರು ಶ್ರೀರಂಗಪಟ್ಟಣದ ಕೋಟೆಯೊಳಗೆ ಮದುವೆ ವಿಡಿಯೋ ಅಂಗಡಿ ಇಟ್ಟಿದ್ದ ಸಾಹೇಬರು. ಅವರ ಮನೆಯ ಮದುವೆಯ ಕಾರ್ಡು ಟೈಪು ಮಾಡಿಕೊಟ್ಟು ಪರಿಚಯವಾಗಿತ್ತು. ಮದುವೆ ಫೋಟೋಗಳನ್ನು ಸಿ.ಡಿ.ಗೆ ಹಾಕಿಕೊಡುವುದಕ್ಕೆಂದು ಅವರು ಒಂದು ಸಿ.ಡಿ. ರೈಟರು ತರಿಸಿದ್ದರು. ಇಟ್ಟಿಗೆಯಷ್ಟು ದಪ್ಪ, ಅದಕ್ಕೆ ಬೇರೆಯೇ ಕರೆಂಟಿನ ಅಡಾಪ್ಟರು, ಹಿಂದೆ ಮೊಳದುದ್ದದ ಕೇಬಲ್ಲು. ನನ್ನ ಕಂಪ್ಯೂಟರನ್ನೇ ಅಲ್ಲಿಗೆ ಒಯ್ಯುವ ಹಾಗಿರಲಿಲ್ಲ. ಆ ರಸ್ತೆಯ ಗುಂಡಿಗಳಿಗೆ ಇಳಿದು ಹತ್ತಿದರೆ ಡಿಸ್ಕು ಶ್ರೀರಂಗಪಟ್ಟಣ ಮುಟ್ಟುವ ಮುಂಚೆಯೇ ಪ್ರಾಣ ಬಿಡುತ್ತಿತ್ತು. ಸಾಹೇಬರು ವಿಷಯ ಕೇಳಿ, ರೈಟರನ್ನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

"ಫಿಕರ್ ಮಾಡ್ಬೇಡಿ ಸಾರ್. ಖಾಲಿ ಸಿ.ಡಿ. ಮೂರು ಇದೆ ನನ್ಹತ್ರ, ಮೂರೂ ತಗೊಳ್ಳಿ. ಆದ್ರೆ ಶುಕ್ರವಾರ ನಮಾಜ್ ಆದ್ಮೇಲೆ ನಾನೇ ಬಂದು ವಾಪಸ್ ತಗೊಂಡು ಹೋಗ್ತೀನಿ. ಭಾನುವಾರ ಎರಡು ಶಾದಿ ಇದೆ, ನನ್ಗೂ ಬೇಕಲ್ಲಾ?"

ಅದು ಮಂಗಳವಾರ. ಕಾಲೇಜಿಗೆ ಮೂರು ದಿನ ರಜ ಹಾಕಿದೆ. ರೈಟರನ್ನು ಎದೆಗವುಚಿಕೊಂಡು ಬಸ್ಸಿನಲ್ಲಿ ಬಂದೆ.

ಕೇಬಲ್ಲು ಕಂಪ್ಯೂಟರಿನ ಹಿಂದೆ ಪ್ರಿಂಟರು ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಬೇಕು. ಸಿಕ್ಕಿಸಿದೆ. ರೈಟರಿನ ಹಸಿರು ದೀಪ ಹತ್ತಿತು. ಕಂಪ್ಯೂಟರು ಮಾತ್ರ ಅಲ್ಲಿ ಏನೂ ಇಲ್ಲ ಅಂದಿತು. ತೆಗೆದು ಸಿಕ್ಕಿಸಿದೆ, ರೈಟರಿನ ಜೊತೆ ಬಂದ ಫ್ಲಾಪಿಯಿಂದ ಅದರ ಪ್ರೋಗ್ರಾಮನ್ನು ಮತ್ತೆ ತುಂಬಿಸಿದೆ, ಪ್ರಿಂಟರಿನ ಸಂಬಂಧದ್ದನ್ನೆಲ್ಲ ಕಿತ್ತು ಹಾಕಿದೆ. ಏನೂ ಇಲ್ಲ ಅಂದರೆ ಏನೂ ಇಲ್ಲ. ಪ್ರತಿ ಸಲವೂ ಕಂಪ್ಯೂಟರನ್ನು ಆರಿಸಿ ಹಚ್ಚಬೇಕು. ಪ್ರತಿ ಸಲ ಹಚ್ಚುವಾಗಲೂ ಇದೇ ಕೊನೆಯದೇನೋ ಎಂದು ನಾನು ಉಸಿರು ಬಿಗಿಹಿಡಿದು ಕೂರಬೇಕು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ಅವೆರಡಕ್ಕೂ ಜಾತಕ ಕೂಡ್ತಾ ಇಲ್ಲ ಕಣ್ರೀ, ಬುಟ್ಬುಡಿ" ಅಂದಳು. ನನಗೆ ಪಿತ್ತ ನೆತ್ತಿಗೇರಿತು. ಕೋಪ ನನಗೆ ಮೊದಲೇ ಮೂಗಿನ ತುದಿಯಲ್ಲಿ. ಒಳಗೆ ಹೋಗು ಎಂದು ಕೂಗಿದೆ.

ಅವಳು ಹೋಗಲಿಲ್ಲ. "ಸಿ.ಡಿ. ಮಾಡ್ಕೊಡ್ತೀನಿ ಅಂತ ನೀವೇ ಏಳ್ಕಳ್ಸಿದ್ದೀರಿ, ನಾಳೆ ಮೇಷ್ಟ್ರು ಬತ್ತಾವ್ರೆ. ಅವ್ರ ಮುಂದೆ ಇಂಗೆ ಕೂಗಾಡ್ಬೇಡಿ. ಮೊದ್ಲು ಕ್ಯಾಸೆಟ್ಟಿನ್ ವಿಷ್ಯ ಏಳ್ಬುಡಿ ಅವ್ರಿಗೆ" ಅಂದಳು.

ಬೂತಿಗೆ ಹೋಗಿ ಸಾಹೇಬರಿಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ನಿಮ್ದು ಹಳೇ ಮಾಡಲ್ಲು ಸಾರ್. ಶುರು ಆಗೋವಾಗ ಡಿಲೀಟ್ ಒತ್ತಿ. ನೀಲಿ ಪರದೆ ಬರ್ತದೆ. ಅದ್ರಲ್ಲಿ ಪ್ರಿಂಟರ್ ಪೋರ್ಟು ಅಂತ ಇರ್ತದೆ, ಅದ್ರ ಮುಂದೆ ಇರೋದನ್ನ ಬದಲಾಯ್ಸಿ. ಹಳೇದ್ರಲ್ಲಿ ಸಾಮಾನು ಒಂದ್ಕಡೆಯಿಂದ ಮಾತ್ರ ಹೋಗ್ತದೆ, ಇದಕ್ಕೆ ಹೋಗ್ಬೇಕು, ಬರ್ಬೇಕು" ಅಂದರು.

ಡಿಲೀಟ್ ಒತ್ತುವುದೇ! ಮೇಷ್ಟ್ರ ದನಿ ಇರುವ ಕಂಪ್ಯೂಟರಿನಲ್ಲಿ! ಅದು ಅಳಿಸುವುದಕ್ಕಲ್ಲ, ಆ ಪರದೆಗೆ ಹೋಗುವುದಕ್ಕೆ ಎಂದು ಅವರು ಎರಡು ಸಲ ಹೇಳಿದರು. ನನಗೆ ಅರ್ಥವೂ ಆಯಿತು. ಆದರೂ ಮನೆಗೆ ಬಂದು ಬೆರಳನ್ನು ಆ ಕೀಲಿಯ ಮೇಲೆ ಇಟ್ಟುಕೊಂಡು ಮೂರು ಸಲ ಕಂಪ್ಯೂಟರು ಹಾಗೇ ಶುರುವಾಗಿಹೋಗಲು ಬಿಟ್ಟೆ. ನಾಲ್ಕನೆಯ ಸಲ ಕಣ್ಣು ಮುಚ್ಚಿ ಒತ್ತಿದೆ. ನೀಲಿ ಪರದೆ ಬಂತು. ಅವರು ಹೇಳಿದ್ದನ್ನು ಬದಲಾಯಿಸಿದೆ. ಮತ್ತೆ ಶುರುವಾದಾಗ ಪರದೆಯ ಮೇಲೆ ರೈಟರಿನ ಚಿತ್ರ ಮೂಡಿತ್ತು. ನಾನು ಕುರ್ಚಿಯಿಂದ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಬುಧವಾರ ಬೆಳಗ್ಗೆ ಮೇಷ್ಟ್ರು ನಾಗಮಂಗಲದ ಬಸ್ಸಿಳಿದು ಬಂದರು. ಕತ್ತಿಗೆ ಬಿಳಿ ಬಟ್ಟೆ ಸುತ್ತಿತ್ತು. ಆ ಬಟ್ಟೆಯ ಹಿಂದಿನ ತೂತಿನಿಂದಲೇ ಅವರು ಉಸಿರಾಡುವುದು. ಸ್ವಲ್ಪ ನಡೆದರೂ ಅಲ್ಲಿಂದ ಸುಯ್ ಸುಯ್ ಅನ್ನುತ್ತಿತ್ತು. ಹೆಗಲಿನ ಚೀಲದಲ್ಲಿ ಒಂದು ಸ್ಲೇಟು, ಬಳಪ. ಎಂಥ ಗಂಟಲು ಅದು! ಮೈಕಿಲ್ಲದೆ ಆಚೆ ಬೀದಿಗೆ ಕೇಳುತ್ತಿತ್ತು. ನಾನು ಕಾಲು ಮುಟ್ಟಿದೆ. ಅವರು ನನ್ನ ಬೆನ್ನು ತಟ್ಟಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಸ್ಲೇಟಿನಲ್ಲಿ ಬರೆದರು. ನಾಗಮಂಗಲದ ಕಡೆಯ ಒಂದು ಊರಿನವರು ನಾಟಕ ಕಟ್ಟುತ್ತಿದ್ದಾರೆ, ಭಾನುವಾರದಿಂದ ಅಭ್ಯಾಸ. ಅವರ ಮೈಕ್ ಸೆಟ್ಟಿನವನ ಹತ್ತಿರ ಸಿ.ಡಿ. ಹಾಕುವ ಪೆಟ್ಟಿಗೆ ಇದೆ. ಹಾಡು ಸಿ.ಡಿ.ಯಲ್ಲಿ, ಹಾರ್ಮೋನಿಯಂ ತಮ್ಮದು. ಇಷ್ಟು ಬರೆದು, ಬೇಡ ಅಂದುಕೊಂಡಿದ್ದೆ, ಕರೆದುಬುಟ್ರು ಎಂದು ಕೆಳಗೆ ಸೇರಿಸಿದರು. ಅವರ ಕಣ್ಣು ನೋಡಿದರೆ ಆಪರೇಷನ್ನಿನ ನಂತರ ಅಂದೇ ಊಟ ರುಚಿಸಿದ ಹಾಗಿತ್ತು. ಕ್ಯಾಸೆಟ್ಟಿನ ವಿಷಯ ನನ್ನ ಬಾಯಿಗೆ ಬಂದು ಅಲ್ಲೇ ನಿಂತಿತು.

ಅಂದು ಮಧ್ಯಾಹ್ನ ಮೊದಲನೆಯ ಸಿ.ಡಿ. ಹಾಕಿದೆ. ಈ ಸಿ.ಡಿ. ಕ್ಯಾಸೆಟ್ಟಿನ ಹಾಗಲ್ಲ. ಬರೆಯಲು ಶುರುಮಾಡಿದರೆ ಕೊನೆಯ ತನಕ ಒಂದೇ ಉಸಿರಿನಲ್ಲಿ ಬರೆದು ಮುಗಿಸಬೇಕು. ನಡುವೆ ತಡವರಿಸಿದರೆ ಆ ಸಿ.ಡಿ. ಕೆಟ್ಟಿತು, ಅಳಿಸಿ ಮತ್ತೆ ಬರೆಯುವ ಹಾಗಿಲ್ಲ. ಎರಡೂ ಕ್ಯಾಸೆಟ್ಟಿನದು ಸೇರಿ ಒಂದು ಗಂಟೆಯ ಹಾಡು, ಬರೆಯಲು ಅರ್ಧ ಗಂಟೆ. ಪರದೆಯ ಮೇಲೆ ಒಂದು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಾ ಹೋಗಬೇಕು. ಹೋಗುತ್ತಿತ್ತು. ಕಾಲು ಭಾಗ ತುಂಬುವ ಮುಂಚೆಯೇ ಮೇಷ್ಟ್ರು ಕುರ್ಚಿಯಲ್ಲಿ ಅಲ್ಲಾಡಿ ಒಂದು ಬೆರಳು ಎತ್ತಿದರು. ನೀರು ಬೇಕೇನೋ ಅಂದುಕೊಂಡೆ. ಅಷ್ಟರಲ್ಲಿ ಕೆಂಪು ಅಕ್ಷರಗಳು ಬಂದವು. ರೈಟರು ಗೊರಕೆಯಂಥ ಸದ್ದು ಮಾಡಿ ನಿಂತಿತು. ಒಂದು ಸಿ.ಡಿ. ಹೋಯಿತು.

ಸಾಹೇಬರಿಗೆ ಮತ್ತೆ ಫೋನು. ಕಂಪ್ಯೂಟರು ನಿಧಾನವಿರಬಹುದು, ಬೇರೆ ಎಲ್ಲ ಮುಚ್ಚಿ, ಪರದೆ ತಾನೇ ಕಪ್ಪಾಗುವುದನ್ನು ತೆಗೆದುಹಾಕಿ, ಮೊದಲು ಬರೀ ಪರೀಕ್ಷೆ ಮಾಡಿ ನೋಡಿ ಅಂದರು. ಸಿ.ಡಿ.ಯ ಮೇಲೆ ಏನೂ ಬರೆಯದೆ ಬರೆದಂತೆ ನಟಿಸುವ ಸೌಕರ್ಯ ಅದರಲ್ಲಿತ್ತು. ಸಂಜೆ ಅದನ್ನು ಮಾಡಿದೆ. ಪಟ್ಟಿ ಪೂರ್ತಿ ತುಂಬಿತು, ಒಂದೂ ತಪ್ಪಿಲ್ಲ. ಇನ್ನೊಂದು ಸಲ ಮಾಡಿದೆ. ಅದೂ ಸರಿ. ಗೆದ್ದೆ ಅಂದುಕೊಂಡೆ. ಅಂದು ಊಟ ಮಾಡುವಾಗ ಮೇಷ್ಟ್ರು ಸ್ಲೇಟು ನನ್ನ ತಟ್ಟೆಯ ಪಕ್ಕ ಇಟ್ಟರು.

"ಯಾಕ್ಲಾ ಇಂಗೆ ಒದ್ದಾಡ್ತೀಯ? ಇದು ಆಗ್ದಿದ್ರೆ ಬುಡು. ಕ್ಯಾಸೆಟ್ ಅವಲ್ಲ."

ಹೆಂಡತಿ ಸಾರು ಬಡಿಸುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ನೀರು ಕುಡಿದು, "ಆಯ್ತದೆ ಮೇಷ್ಟ್ರೇ, ನಾಳೆ ಆಯ್ತದೆ" ಅಂದೆ.

ಗುರುವಾರ ಬೆಳಗ್ಗೆ ಎರಡನೆಯ ಸಿ.ಡಿ. ಹಾಕಿದೆ. ಹಿಂದಿನ ದಿನ ಪರೀಕ್ಷೆಯಲ್ಲಿ ಪಾಸಾದ ಅದೇ ಕಂಪ್ಯೂಟರು, ಅದೇ ರೈಟರು, ಅದೇ ಕೇಬಲ್ಲು. ಒಂದು ಕೂದಲೆಳೆಯಷ್ಟೂ ಬದಲಾಯಿಸಿರಲಿಲ್ಲ. ಪಟ್ಟಿ ಕಾಲು ಭಾಗ ದಾಟಿತು. ಅರ್ಧಕ್ಕೆ ಬರುತ್ತಿತ್ತು. ನಾನು ಮೇಜಿನ ಅಂಚು ಹಿಡಿದುಕೊಂಡು, ರೆಪ್ಪೆ ಬಡಿದರೆ ಕೆಡುತ್ತದೇನೋ ಎಂಬಂತೆ ನೋಡುತ್ತಿದ್ದೆ. ಹಿಂದಿನಿಂದ ಮೇಷ್ಟ್ರು ಬಳಪದಿಂದ ಸ್ಲೇಟಿನ ಮರದ ಚೌಕಟ್ಟನ್ನು ಕುಟ್ಟತೊಡಗಿದರು. ಟಕ ಟಕ ಟಕ. ನಾನು ತಿರುಗಲಿಲ್ಲ. ಇನ್ನೂ ಜೋರಾಗಿ ಕುಟ್ಟಿದರು.

"ಸುಮ್ಕಿರಿ ಮೇಷ್ಟ್ರೇ! ನಿಮ್ಗೆ ಕೈ ಮುಗೀತೀನಿ, ಒಂದ್ ಗಳಿಗೆ ಸುಮ್ಕಿರಿ!"

ಹಾಗೆ ಅಂದ ಬಾಯಿ ಮುಚ್ಚುವುದರೊಳಗೆ ಕೆಂಪು ಅಕ್ಷರಗಳು ಬಂದವು. ಎರಡನೆಯದೂ ಹೋಯಿತು. ನಾನು ಎದ್ದು ಆ ಸಿ.ಡಿ.ಯನ್ನು ಕಿತ್ತು ಗೋಡೆಗೆಸೆದೆ. ಅದು ಒಡೆಯಲೂ ಇಲ್ಲ, ಉರುಳಿಕೊಂಡು ಹೋಗಿ ಅಡುಗೆಮನೆಯ ಹೊಸಿಲಿಗೆ ತಾಗಿ ಮಲಗಿತು. ಎಂದೂ ಯಾರೂ ಮೇಷ್ಟ್ರಿಗೆ ಸುಮ್ಮನಿರಿ ಅಂದಿರಲಿಲ್ಲ. ಸುಮ್ಮನಿರುವುದು ಬಿಟ್ಟು ಬೇರೇನೂ ಮಾಡಲಾಗದವರಿಗೆ ನಾನು ಅಂದಿದ್ದೆ.

ಹೆಂಡತಿ ಬಂದು ಸಿ.ಡಿ.ಯನ್ನು ಎತ್ತಿಟ್ಟು, ಮೇಷ್ಟ್ರ ಕೈಯಿಂದ ಸ್ಲೇಟು ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"ಶ್ರುತಿ ಇಳೀತಾ ಅದೆ. ನೆನ್ನೇನೂ ಇಳೀತು. ಫ್ಯಾನಿನದು ಇಳೀತದೆ, ಈ ಡಬ್ಬಿದೂ ಇಳೀತದೆ. ಆಮೇಲೆ ಕೆಡ್ತದೆ."

ನನಗೆ ಅರ್ಥವಾಗಲಿಲ್ಲ. ರೈಟರು ತಿರುಗುವಾಗ ಗುಂಯ್ ಎನ್ನುತ್ತಿತ್ತು. ಅದು ನನ್ನ ಕಿವಿಗೂ ಬಿದ್ದಿತ್ತು. ಅದಕ್ಕೆ ಶ್ರುತಿ ಇದೆಯೆಂದು, ಆ ಶ್ರುತಿ ಜಾರುತ್ತದೆಂದು ಮೇಷ್ಟ್ರ ಕಿವಿಗೆ ಮಾತ್ರ ಗೊತ್ತಾಗಿತ್ತು. ಅವರು ಮೇಲಿನ ಫ್ಯಾನನ್ನು ತೋರಿಸಿದರು, ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಶಿವ್ನೆ! ತ್ರೀಫೇಸು ಕಣ್ರೀ! ತ್ರೀಫೇಸು ಬತ್ತಿದ್ದಂಗೆ ಗದ್ದೆ ಮೋಟ್ರುಗಳೆಲ್ಲ ಸ್ಟಾರ್ಟಾಯ್ತವಲ್ಲ, ಆಗ್ಲೇ ಅಲ್ವಾ ಫ್ಯಾನು ಮಲಗೋದು, ಲೈಟು ಮಂಕಾಗೋದು?"

ಹೌದು. ನಮ್ಮ ಕಡೆ ಗದ್ದೆ ತೋಟಗಳ ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ದಿನಕ್ಕೆ ಇಷ್ಟು ಹೊತ್ತು ಎಂದು ಬರುತ್ತಿತ್ತು. ಯಾವಾಗ ಬರುತ್ತದೆಂದು ಕಾಯಲಾಗದೆ ಎಲ್ಲರೂ ತಾನೇ ಶುರುವಾಗುವ ಆಟೋ ಸ್ಟಾರ್ಟರು ಹಾಕಿಸಿಕೊಂಡಿದ್ದರು. ಕರೆಂಟು ಬಂದರೆ ಒಂದರ ಹಿಂದೊಂದು ಮೋಟರು ಎದ್ದು ಕೂರುತ್ತಿತ್ತು, ಮನೆಗಳ ದೀಪ ಕುಗ್ಗುತ್ತಿತ್ತು. ದಿನಾ ನೋಡಿ ನೋಡಿ ನಮಗೆ ಅದು ಕಾಣುವುದೇ ನಿಂತುಹೋಗಿತ್ತು. ನಾನು ಮೇಜಿನ ಕೆಳಗೆ ತೂರಿ ನೋಡಿದೆ. ಕಂಪ್ಯೂಟರಿಗೆ ಯು.ಪಿ.ಎಸ್. ಇತ್ತು, ಅದರ ಹೊಟ್ಟೆಯೊಳಗಿನ ಬ್ಯಾಟರಿ ಕಂಪ್ಯೂಟರನ್ನೂ ಪರದೆಯನ್ನೂ ಕಾಯುತ್ತಿತ್ತು. ಅದಕ್ಕಿದ್ದದ್ದು ಎರಡೇ ತೂತು. ರೈಟರಿನ ಅಡಾಪ್ಟರನ್ನು ನಾನೇ ಗೋಡೆಯ ಬೋರ್ಡಿಗೆ ಸಿಕ್ಕಿಸಿದ್ದೆ. ಸಂಜೆಯ ಪರೀಕ್ಷೆ ನಡೆದದ್ದು ತ್ರೀಫೇಸು ಹೋದ ಮೇಲೆ. ಎರಡು ದಿನ ಪೋರ್ಟು, ಕೇಬಲ್ಲು, ಹಳೇ ಮಾಡಲ್ಲು ಎಂದು ಹೊಡೆದಾಡಿದ್ದೆಲ್ಲ ಯಾವ ಸುಖಕ್ಕೆ!

ಮೇಜಿನ ಕೆಳಗಿನಿಂದಲೇ, "ತಪ್ಪಾಯ್ತು ಮೇಷ್ಟ್ರೇ" ಅಂದೆ. ಅವರು ಕಾಲಿನಿಂದ ನನ್ನ ಬೆನ್ನನ್ನು ಮೆಲ್ಲಗೆ ಒದ್ದರು. ಅಲ್ಲೇ ಕ್ಯಾಸೆಟ್ಟಿನ ವಿಷಯವನ್ನೂ ಹೇಳಬಹುದಾಗಿತ್ತು. ಹೇಳಲಿಲ್ಲ. ಒಂದೇ ಸಿ.ಡಿ. ಉಳಿದಿತ್ತು, ಅದು ಆದ ಮೇಲೆ ಹೇಳುತ್ತೇನೆ ಎಂದುಕೊಂಡೆ.

ಗುರುವಾರ ಸಂಜೆಯೇ ಮಾಡಿಬಿಡೋಣವೆಂದರೆ ಕಂಪ್ಯೂಟರು ಏಳಲೇ ಇಲ್ಲ. ಟಕ್ ಟಕ್ ಟಕ್ ಎಂದು ಹೇಳಿ ಕಪ್ಪಗೆ ಕುಳಿತಿತು. ನಾನು ಅದರ ಮುಂದೆ ಕುಳಿತು ಒತ್ತಿದೆ, ಆರಿಸಿದೆ, ಒತ್ತಿದೆ. ಬಿಸಿಯಾಗಿರಬಹುದು, ಆರಲಿ ಎಂದು ಹೆಂಡತಿ ಕೈ ಹಿಡಿದು ಎಬ್ಬಿಸಿದಳು. ನನ್ನ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಮೇಷ್ಟ್ರು ನಡುಮನೆಯಲ್ಲಿ ಮಲಗಿದ್ದರು, ಅವರ ಕತ್ತಿನ ತೂತಿನ ಉಸಿರು ಕೇಳುತ್ತಲೇ ಇತ್ತು.

ಶುಕ್ರವಾರ ಬೆಳಗ್ಗೆ ಎರಡನೆಯ ಒತ್ತಿಗೆ ಎದ್ದಿತು. ಪರದೆಯ ವಯರನ್ನು ಗೋಡೆಯ ಬೋರ್ಡಿಗೆ ಹಾಕಿ, ರೈಟರಿನ ಅಡಾಪ್ಟರನ್ನು ಯು.ಪಿ.ಎಸ್.ಗೆ ಸಿಕ್ಕಿಸಿದೆ. ಕೊನೆಯ ಸಿ.ಡಿ.ಯನ್ನು ಅಂಚು ಹಿಡಿದು ತಟ್ಟೆಯಲ್ಲಿಟ್ಟೆ. ಮೇಷ್ಟ್ರು ಕುರ್ಚಿಯನ್ನು ಎಳೆದುಕೊಂಡು ಬಂದು, ತಮ್ಮ ಕಿವಿಯನ್ನು ರೈಟರಿಗೆ ಗೇಣಿನಷ್ಟು ಹತ್ತಿರ ತಂದು ಕುಳಿತರು. ಬಲಗೈಯನ್ನು ಮುಂದೆ ಚಾಚಿ ಅಂಗೈ ಕೆಳಗೆ ಮಾಡಿದರು. ಹಾಡು ಕಲಿಸುವಾಗ, ಶ್ರುತಿ ನಿಂತಿದೆ, ಹೀಗೇ ಹೋಗು ಎಂದು ಹೇಳುವುದಕ್ಕೆ ಅವರು ಮಾಡುತ್ತಿದ್ದ ಸನ್ನೆ ಅದು. ನಾನು ಗುಂಡಿ ಒತ್ತಿದೆ.

ಪಟ್ಟಿ ಕಾಲು ಭಾಗ ತುಂಬಿತು. ಫ್ಯಾನು ಕುಗ್ಗಿತು, ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಸೆಳೆದುಕೊಂಡಿತು. ತ್ರೀಫೇಸು ಬಂದಿತ್ತು. ಮೇಷ್ಟ್ರ ಕೈ ಅಲ್ಲಾಡಲಿಲ್ಲ. ಪಟ್ಟಿ ಅರ್ಧ ದಾಟಿತು. ಮೂರರಲ್ಲಿ ಎರಡು ಭಾಗಕ್ಕೆ ಬಂತು. ಆಗ ಆಚೆ ರಸ್ತೆಯ ಕಡೆ ಪಟಾರ್ ಅಂತ ಒಂದು ಸದ್ದಾಯಿತು, ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋಗಿತ್ತು. ಯು.ಪಿ.ಎಸ್. ಕುಯ್ ಕುಯ್ ಎಂದು ಅಳತೊಡಗಿತು.

ಒಳಗೆ ಏನು ನಡೆಯುತ್ತಿದೆಯೆಂದು ನೋಡಲು ಪರದೆಯಿಲ್ಲ. ಇನ್ನು ಹತ್ತು ನಿಮಿಷವಾದರೂ ಬೇಕು. ಆ ಹಳೆಯ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೋ ಯಾರಿಗೆ ಗೊತ್ತು? ಪರದೆಯನ್ನು ಯು.ಪಿ.ಎಸ್.ಗೆ ಹಾಕಲೇ? ಹಾಕಿದರೆ ಬ್ಯಾಟರಿ ಇನ್ನೂ ಬೇಗ ಮುಗಿಯುತ್ತದೆ. ನನ್ನ ಕೈ ವಯರಿನ ಕಡೆ ಹೋಯಿತು. ಮೇಷ್ಟ್ರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಲಗೈ ಹಾಗೇ ಚಾಚಿತ್ತು. ಅವರು ಕಣ್ಣು ಮುಚ್ಚಿದ್ದರು. ಫ್ಯಾನಿನ ಸದ್ದಿಲ್ಲದ ಆ ಕೋಣೆಯಲ್ಲಿ ರೈಟರಿನ ಗುಂಯ್ ನನಗೂ ಚೆನ್ನಾಗಿ ಕೇಳಿತು. ಅದು ಜಾರುತ್ತಿದೆಯೋ ಇಲ್ಲವೋ ನನಗೆ ಹೇಳಲಾಗುತ್ತಿರಲಿಲ್ಲ. ಅವರ ಅಂಗೈಯನ್ನೇ ನೋಡುತ್ತಾ ಕುಳಿತೆ. ಯು.ಪಿ.ಎಸ್.ನ ಅಳು ಬಿರುಸಾಯಿತು. ಹೆಂಡತಿ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ ನನಗೆ ಈಗಲೂ ಗೊತ್ತಿಲ್ಲ. ಕಡೆಗೆ ಗುಂಯ್ ಇಳಿಯಿತು, ಈ ಸಲ ನನಗೂ ಗೊತ್ತಾಯಿತು. ಮೇಷ್ಟ್ರ ಅಂಗೈ ಅದರ ಜೊತೆಗೇ ಮೆಲ್ಲಗೆ ಕೆಳಗಿಳಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ರೈಟರು ತಾನಾಗಿ ಬಾಯಿ ತೆರೆದು ಸಿ.ಡಿ. ಇಟ್ಟ ತಟ್ಟೆಯನ್ನು ಮುಂದಕ್ಕೆ ಚಾಚಿತು. ಪೂರ್ತಿ ಬರೆದರೆ ಮಾತ್ರ ಅದು ಹಾಗೆ ಸದ್ದಿಲ್ಲದೆ ಚಾಚುವುದು.

ಯು.ಪಿ.ಎಸ್. ಅದರ ಹಿಂದೆಯೇ ಸತ್ತಿತು.

ಸಾಹೇಬರು ಹೇಳಿದ ಹಾಗೇ ಮಧ್ಯಾಹ್ನ ಬಂದು, ಕಥೆಯೆಲ್ಲ ಕೇಳಿ, "ಯಾ ಅಲ್ಲಾ, ಕಾನ್ ಹೈ ಕಿ ಮೀಟರ್?" ಇದು ಕಿವಿಯೋ ಮೀಟರೋ ಎಂದು ಮೇಷ್ಟ್ರ ಕಿವಿಗೆ ಕೈಮುಗಿದು ರೈಟರು ತೆಗೆದುಕೊಂಡು ಹೋದರು. ಮೂರು ಗಂಟೆಗೆ ಲೈನ್‌ಮ್ಯಾನು ಬಂದು ಫ್ಯೂಸು ಹಾಕಿದ. ಕಂಪ್ಯೂಟರಿನ ಸ್ವಂತದ ಸಿ.ಡಿ. ಪೆಟ್ಟಿಗೆಯಲ್ಲಿ ಹಾಕಿದೆವು. ಮೇಷ್ಟ್ರ ದನಿ ಬಂತು. ಕಂಚಿನ ಹಾಗೆ, ಮೊದಲಿನ ಹಾಗೆ. ಅವರು ಮೂರು ಹಾಡು ಕೇಳುವ ತನಕ ತೊಡೆಯ ಮೇಲೆ ತಾಳ ಹಾಕುತ್ತಾ ಕುಳಿತಿದ್ದರು. ಕಣ್ಣಿನಿಂದ ನೀರು ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದರು.

"ಇದು ನಾಗಮಂಗಲದೋರ್ಗೆ ಆಯ್ತು. ಕೆ.ಆರ್. ಪೇಟೆಯೋರೂ ಕೇಳ್ತಾವ್ರೆ. ಕ್ಯಾಸೆಟ್ ತತ್ತಾ, ಅವ್ರಿಗೆ ಕೊಟ್ಬುಡ್ತೀನಿ."

ಹೆಂಡತಿ ಒಳಗೆ ಹೋಗಿಬಿಟ್ಟಳು. ನಾನು ಅವರ ಕಾಲ ಬಳಿ ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಗಮ್ ಟೇಪು ಅಂಟಿಸಿದ್ದು, ಪ್ರಿನ್ಸಿಪಾಲರ ಭಾಷಣ, ಟಕ್ ಟಕ್, ಅವರು ಕ್ಯಾಸೆಟ್ಟು ಇದೆ ಅಂದಾಗಲೆಲ್ಲ ನಾನು ಸುಮ್ಮನಿದ್ದದ್ದು. ಈ ಸಿ.ಡಿ., ಸಾಯುತ್ತಿರುವ ಈ ಡಬ್ಬಿ ಬಿಟ್ಟು ನಿಮ್ಮ ದನಿ ಇನ್ನೆಲ್ಲೂ ಇಲ್ಲ ಮೇಷ್ಟ್ರೇ ಅಂದೆ.

ಅವರ ಮುಖ ಕೆಂಪೇರಿತು. ಕತ್ತಿನ ನರ ಬಿಗಿಯಿತು. ಬೈಯಲು ಬಾಯಿ ತೆರೆದರು. ಬಟ್ಟೆಯ ಹಿಂದಿನಿಂದ ಬರೀ ಗಾಳಿ ಬಂತು. ಬಾಯಿ ತೆರೆದೇ ಇತ್ತು. ನನಗೆ ಅವರು ಬೈದಿದ್ದರೆ ಸಾಕಾಗಿತ್ತು, ಹೊಡೆದಿದ್ದರೂ ಸಾಕಾಗಿತ್ತು. ಸ್ಲೇಟನ್ನು ಎತ್ತಿದರು, ಏನೂ ಬರೆಯದೆ ಕೆಳಗಿಟ್ಟರು. ಸಿ.ಡಿ.ಯ ಹಾಡುಗಳನ್ನು ಸಾಲಾಗಿ ನಾನು ಬರೆದಿಟ್ಟಿದ್ದ ಚೀಟಿಯನ್ನು ಮೇಜಿನಿಂದ ಎಳೆದುಕೊಂಡು ಬೆರಳಿನಿಂದ ಎಣಿಸಿದರು. ಏಳನೆಯದನ್ನು ಹಾಕು ಎಂದು ಬೆರಳು ತೋರಿಸಿದರು.

ಹಾಕಿದೆ. ಹಾಡು ಶುರುವಾಗಿ ಒಂದು ಸಾಲು ಮುಗಿಯುತ್ತಿದ್ದಂತೆ ನಿಂತಿತು. ಕ್ಯಾಸೆಟ್ಟಿಗೆ ತುಂಬಿಸಿದ ದಿನ ಅವರು ಅಲ್ಲಿ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದ್ದನ್ನು ನಾನು ಮರೆತೇಬಿಟ್ಟಿದ್ದೆ. ಮೇಷ್ಟ್ರು ಕೈ ಚಾಚಿ ಸ್ಪೀಕರಿನ ತಿರುಪನ್ನು ಕೊನೆಯ ತನಕ ತಿರುಗಿಸಿದರು.

"ಲೇ! ಎಲ್ಲಿ ನೋಡ್ತಿದ್ದೀಯಲಾ? ಗ್ಯಾನ ಎಲ್ಲಿ ಮಡಗಿದ್ದೀಯ? ನಾನಿಲ್ಲಿ ಗಂಟ್ಲು ಅರ್ಕೋತಾವ್ನಿ, ಟೇಪು ಓಡ್ತಾ ಅದೋ ಇಲ್ವೋ ನೋಡ್ಕಳಕೂ ಆಗಲ್ವಾ ನಿಂಗೆ? ಇನ್ನೊಂದ್ಸಲ ಹಾಡಕೆ ನಾನೇನು ಚಿಕ್ಕುಡುಗನಾ? ಓಡ್ತಾ ಅದೇನ್ಲಾ?"

ಮನೆಯೆಲ್ಲ ತುಂಬಿತು ಆ ದನಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಸಿ.ಡಿ.ಯೊಳಗಿನಿಂದ ನನ್ನದೇ ದನಿ, ದೂರದಿಂದ, ಸಣ್ಣಗೆ, "ಓಡ್ತಾ ಅದೆ ಮೇಷ್ಟ್ರೇ" ಅಂದಿತು.

ಮೇಷ್ಟ್ರು ಕಣ್ಣು ಕೀಳದೆ ನನ್ನನ್ನೇ ನೋಡುತ್ತಾ, ಇನ್ನೊಂದು ಸಲ ಹಾಕು ಎಂದು ಬೆರಳು ತಿರುಗಿಸಿದರು. ಹಾಕಿದೆ. ಮತ್ತೊಂದು ಸಲ ಹಾಕಿಸಿದರು. ಮೂರನೆಯ ಸಲ ಅವರ ದನಿ "ಓಡ್ತಾ ಅದೇನ್ಲಾ?" ಎಂದು ಕೇಳಿದಾಗ ನಾನು ಅಳುತ್ತಾ, ಸಿ.ಡಿ.ಯೊಳಗಿನ ನನ್ನ ಜೊತೆಗೇ, "ಓಡ್ತಾ ಅದೆ ಮೇಷ್ಟ್ರೇ" ಅಂದೆ.